ಹೊಗೆಯನ್ನು ನಂಬಿ ಹಾರಿದವರು

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ರೋನ್ ನದಿಯ ಪಡುವಣಕ್ಕೆ, ವಿವರೇ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿನ ಅನೊನೇ ಪಟ್ಟಣದ ಅಂಚಿಗೆ, ವಿದಲೋನ್ ಎಂಬಲ್ಲಿ, ಹೊಳೆಯ ನೀರಿನ ರಭಸಕ್ಕೆ ತಿರುಗುವ ಚಕ್ರಗಳಿಂದ ನಡೆಯುತ್ತಿದ್ದ ಒಂದು ಕಾಗದದ ಕಾರ್ಖಾನೆಯಿತ್ತು. ಆ ಕಾಲದಲ್ಲಿ ಕಾಗದ ಹುಟ್ಟುತ್ತಿದ್ದದ್ದು ಚಿಂದಿಯಿಂದ. ಹಳೆಯ ನಾರುಬಟ್ಟೆಯನ್ನು ಆಯ್ದು, ಕೊಳೆಹಾಕಿ, ಕುಟ್ಟಿ ಅಂಬಲಿಯಂತೆ ಮಾಡಿ, ತಂತಿಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ನೀರು ಬಸಿದು, ಒತ್ತಿ, ಗಾಳಿಯಾಡುವ ಅಟ್ಟದಲ್ಲಿ ಹಗ್ಗಗಳ ಮೇಲೆ ಹಾಳೆಗಳನ್ನು ಹರವಿ ಒಣಗಿಸಬೇಕಿತ್ತು. ಕಾರ್ಖಾನೆಯ ಒಡೆಯ ಪಿಯೆರ್ ಮಾಂಟ್‌ಗೋಲ್ಫಿಯರ್. ಅವನಿಗೆ 16 ಮಕ್ಕಳು. 1740ರಲ್ಲಿ ಹುಟ್ಟಿದ ಜೋಸೆಫ್ ಹನ್ನೆರಡನೆಯವನು. 1745ರಲ್ಲಿ ಹುಟ್ಟಿದ ಎಟಿಯೆನ್ ಹದಿನೈದನೆಯವನು. ಮನುಷ್ಯನನ್ನು ಮೊದಲಬಾರಿಗೆ ಬಾನಿಗೆ ಎತ್ತಿದ ಬಲೂನು ಈ ಅಣ್ಣತಮ್ಮಂದಿರ ಕೈಯಿಂದ ಹೊರಟಿತು. ಅದು ಏಕೆ ಹಾರುತ್ತದೆ ಎಂಬುದನ್ನು ಮಾತ್ರ ಇಬ್ಬರೂ ತಪ್ಪಾಗಿ ತಿಳಿದಿದ್ದರು.

ಅಣ್ಣ ಜೋಸೆಫ್ ಕನಸುಗಾರ. ಓದಲು ಹಾಕಿದ ಶಾಲೆಯಿಂದ ಓಡಿಹೋದವನು. ಹಿಡಿದ ವ್ಯಾಪಾರಗಳಲ್ಲಿ ಸೋತವನು. ಆದರೆ ಕಂಡದ್ದನ್ನೆಲ್ಲ ಹೇಗೆ, ಏಕೆ ಎಂದು ಕೆದಕುವ ಬುದ್ಧಿ ಅವನದು. ತಮ್ಮ ಎಟಿಯೆನ್ ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪ ಕಲಿತವನು, ಲೆಕ್ಕಾಚಾರದ ಮನುಷ್ಯ. ಮನೆಯ ಹಿರಿಯ ಮಗ 1772ರಲ್ಲಿ ತೀರಿಕೊಂಡ ಮೇಲೆ ತಂದೆ ಕರೆಸಿಕೊಂಡು ಕಾರ್ಖಾನೆಯ ಹೊಣೆ ಹೊರಿಸಿದ್ದು ಈ ಕಿರಿಯನಿಗೆ. ಒಬ್ಬನ ಹುಚ್ಚು, ಇನ್ನೊಬ್ಬನ ಅಚ್ಚುಕಟ್ಟು. ಎರಡೂ ಒಂದೇ ಸೂರಿನಡಿ ಇದ್ದವು.

ಬಾನಿಗೇರುವ ಆಸೆ ಅವರಿಂದಲೇ ಮೊದಲಾಯಿತೆಂದು ಹೇಳಲಾಗದು. ಚೀನಾದಲ್ಲಿ ದೀಪದ ಬಿಸಿಗೆ ಮೇಲೇರುವ ಕಾಗದದ ಗೂಡುಗಳಿದ್ದವು. 1670ರಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿ ಫ್ರಾನ್ಚೆಸ್ಕೊ ಲಾನಾ, ಗಾಳಿಯನ್ನು ಪೂರ್ತಿ ಹೊರತೆಗೆದ ನಾಲ್ಕು ತಾಮ್ರದ ಗೋಳಗಳು ಒಂದು ದೋಣಿಯನ್ನು ಎತ್ತಬಲ್ಲವೆಂದು ಬರೆದ. ಗೋಳ ಹಗುರಾಗಬೇಕಾದರೆ ತಗಡು ತೆಳುವಾಗಬೇಕು, ತೆಳುವಾದರೆ ಹೊರಗಿನ ಗಾಳಿಯ ಒತ್ತಡಕ್ಕೆ ನಜ್ಜುಗುಜ್ಜಾಗುತ್ತದೆ. ಹಾಗಾಗಿ ಅದು ಹಾಳೆಯಲ್ಲೇ ಉಳಿಯಿತು. 1709ರ ಆಗಸ್ಟ್ 8ರಂದು ಲಿಸ್ಬನ್ನಿನ ಅರಮನೆಯಲ್ಲಿ, ಬ್ರೆಜಿಲ್‌ನಲ್ಲಿ ಹುಟ್ಟಿದ ಪಾದ್ರಿ ಬಾರ್ತೊಲೊಮೆವು ದ ಗುಸ್ಮಾಂವ್, ದೊರೆ ಐದನೆಯ ಜುವಾಂವ್‌ನ ಎದುರು ಬೆಂಕಿಯ ಬಿಸಿಯಿಂದ ಸಣ್ಣದೊಂದು ಕಾಗದದ ಬುಟ್ಟಿಯನ್ನು ಏರಿಸಿ ತೋರಿಸಿದ. ದೊರೆ ಮೆಚ್ಚಿದ, ಕೆಲಸ ಮುಂದೆ ಬೆಳೆಯಲಿಲ್ಲ. 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್, ಲೋಹದ ಮೇಲೆ ಆಮ್ಲ ಸುರಿದಾಗ ಹುಟ್ಟುವ, ಹೊತ್ತಿಕೊಳ್ಳುವ ಗಾಳಿಯನ್ನು ತೂಗಿ ನೋಡಿ ಅದು ನಾವು ಉಸಿರಾಡುವ ಗಾಳಿಗಿಂತ ಎಷ್ಟೋ ಪಾಲು ಹಗುರವೆಂದು ತೋರಿಸಿದ. ಇಂದು ನಾವು ಜಲಜನಕ ಎನ್ನುವುದು ಅದನ್ನೇ. ಲಂಡನ್ನಿನಲ್ಲಿದ್ದ ತಿಬೇರಿಯಸ್ ಕವಾಲ್ಲೊ 1782ರಲ್ಲಿ ಆ ಗಾಳಿಯನ್ನು ಸೋಪಿನ ನೀರಿನ ಗುಳ್ಳೆಗಳಲ್ಲಿ ತುಂಬಿ ಮೇಲಕ್ಕೆ ಬಿಟ್ಟ. ಕಾಗದದ ಚೀಲದಲ್ಲಿ ತುಂಬಲು ಹೋದಾಗ ಅನಿಲ ಅದರ ಸಂದುಗಳಿಂದಲೇ ಸೋರಿಹೋಯಿತು.

1782ರ ನವೆಂಬರ್ ತಿಂಗಳು. ಜೋಸೆಫ್ ಅವಿನ್ಯೋನ್ ಊರಿನಲ್ಲಿದ್ದ. ಅದು ಯುದ್ಧದ ಕಾಲ. ಇಂಗ್ಲಿಷರ ವಶದಲ್ಲಿದ್ದ ಜಿಬ್ರಾಲ್ಟರ್ ಕೋಟೆಯನ್ನು ಫ್ರಾನ್ಸ್ ಮತ್ತು ಸ್ಪೇನ್ ಸೇರಿ ಮುತ್ತಿದ್ದವು. ನೆಲದಿಂದಲೂ ನೀರಿನಿಂದಲೂ ಹೊಡೆದರೂ ಕೋಟೆ ಮಣಿಯಲಿಲ್ಲ. ಆ ಮುತ್ತಿಗೆಯ ಚಿತ್ರವೊಂದು ಜೋಸೆಫನ ಕಣ್ಣೆದುರಿತ್ತು. ನೆಲದಿಂದ ಹೋಗಲಾಗದು, ಕಡಲಿಂದ ಹೋಗಲಾಗದು, ಹಾಗಾದರೆ ಗಾಳಿಯಲ್ಲಿ ಏಕೆ ಹೋಗಬಾರದು ಎಂದು ಅವನು ಯೋಚಿಸಿದ. ಒಲೆಯ ಹೊಗೆ ಮೇಲೇರುತ್ತದೆ. ಆ ಹೊಗೆಯನ್ನು ಚೀಲದಲ್ಲಿ ಕೂಡಿಹಾಕಿದರೆ ಚೀಲವೂ ಏರಬೇಕು. ತೆಳುವಾದ ಮರದ ಕಡ್ಡಿಗಳಿಂದ ಪೆಟ್ಟಿಗೆಯಂಥ ಚೌಕಟ್ಟು ಮಾಡಿ, ರೇಷ್ಮೆ ಹೊದಿಸಿ, ಕೆಳಗಿನ ಬಾಯಿಯಲ್ಲಿ ಕಾಗದ ಹೊತ್ತಿಸಿದ. ಪೆಟ್ಟಿಗೆ ಎದ್ದು ಹೋಗಿ ಮಾಳಿಗೆಗೆ ತಗುಲಿ ನಿಂತಿತು. ಕೂಡಲೇ ತಮ್ಮನಿಗೆ ಬರೆದ: ರೇಷ್ಮೆಯನ್ನೂ ಹಗ್ಗವನ್ನೂ ಬೇಗ ಹೊಂದಿಸು, ಲೋಕದಲ್ಲೇ ಅಚ್ಚರಿಯಾದದ್ದನ್ನು ನಿನಗೆ ತೋರಿಸುತ್ತೇನೆ ಎಂಬುದು ಆ ಪತ್ರದ ಸಾರ.

ಜಿಬ್ರಾಲ್ಟರಿನ ಮುತ್ತಿಗೆ ನಮಗೆ ದೂರದ ಮಾತಲ್ಲ. ಅದೇ ಯುದ್ಧದ ಇನ್ನೊಂದು ರಣರಂಗ ನಮ್ಮ ನಾಡಿನ ಸೇನೆ ಕಾದಾಡುತ್ತಿದ್ದ ನೆಲ. ಮೈಸೂರಿನ ಹೈದರಾಲಿ ಅಂದು ಫ್ರೆಂಚರ ಮಿತ್ರ, ಇಂಗ್ಲಿಷರ ಹಗೆ. ಅನೊನೇಯಲ್ಲಿ ಅಣ್ಣತಮ್ಮಂದಿರು ಇನ್ನೂ ದೊಡ್ಡ ಚೀಲವನ್ನು ಬಯಲಿನಲ್ಲಿ ಏರಿಸಿ, ಅದು ಹಗ್ಗ ಹರಿದುಕೊಂಡು ಕೈತಪ್ಪಿ ಹಾರಿಹೋದದ್ದು 1782ರ ಡಿಸೆಂಬರ್ 14ರಂದು. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿ ಕೊನೆಯುಸಿರೆಳೆದಿದ್ದ.

ಗುಟ್ಟು ಇನ್ನು ಬಹುದಿನ ನಿಲ್ಲದೆಂದು ಎಟಿಯೆನ್ ಅರಿತ. ಬೇರೆ ಯಾರೋ ತಮ್ಮದೆನ್ನುವ ಮೊದಲೇ ಜನರ ಮುಂದೆ, ದಾಖಲೆಗೆ ಬರುವಂತೆ, ಮಾಡಿ ತೋರಿಸಬೇಕು. 1783ರ ಜೂನ್ 4ರಂದು ಆ ಸೀಮೆಯ ಪ್ರತಿನಿಧಿಗಳ ಸಭೆ ಅನೊನೇಯಲ್ಲಿ ಕೂಡಿತ್ತು. ಅವರನ್ನೇ ಸಾಕ್ಷಿಗಳೆಂದು ಪಟ್ಟಣದ ಚೌಕಕ್ಕೆ ಕರೆದರು. ಅಲ್ಲಿ ನೆಲದ ಮೇಲೆ ಬಿದ್ದಿದ್ದದ್ದು ಗೋಣಿಯಂಥ ಒರಟು ಬಟ್ಟೆಯ ಒಂದು ದೊಡ್ಡ ರಾಶಿ. ಒಳಗೆ ಮೂರು ಪದರ ತೆಳುಕಾಗದ ಅಂಟಿಸಿತ್ತು. ಹೊರಗೆ ಮೀನಿನ ಬಲೆಯಂತೆ ಹುರಿಯ ಹೆಣಿಗೆ. ಹೊಲಿಗೆಯಲ್ಲ, ಬಟ್ಟೆಯ ತುಂಡುಗಳನ್ನು ಒಂದಕ್ಕೊಂದು ಸೇರಿಸಿದ್ದು ಸುಮಾರು 1800 ಗುಂಡಿಗಳು. ಒಟ್ಟು ತೂಕ 225 ಕಿಲೋಗ್ರಾಂ. ಅಂಗಿಗೆ ಗುಂಡಿ ಹಾಕಿದಂತೆ ಆಕಾಶನೌಕೆಗೆ ಗುಂಡಿ ಹಾಕಿದ ಈ ಕೆಲಸವನ್ನು ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಮನೆಯಲ್ಲಿ ಏನಿತ್ತೋ ಅದರಿಂದಲೇ ಅವರು ಬಾನಿಗೆ ದಾರಿ ಮಾಡಿದರು.

ಹುಲ್ಲು, ಉಣ್ಣೆ ಸೇರಿಸಿ ಕೆಳಗೆ ಬೆಂಕಿ ಹಾಕಿದರು. ರಾಶಿ ಉಬ್ಬಿತು, ಎದ್ದು ನಿಂತಿತು, ಹಿಡಿದಿದ್ದ ಆಳುಗಳನ್ನು ಎಳೆಯತೊಡಗಿತು. ಬಿಡಿ ಎಂದಾಗ ಬಿಟ್ಟರು. ಒಂದೂವರೆ ಕಿಲೋಮೀಟರಿಗೂ ಮೇಲಕ್ಕೆ ಏರಿ, ಹತ್ತು ನಿಮಿಷ ಗಾಳಿಯಲ್ಲಿದ್ದು, ಸುಮಾರು ಎರಡು ಕಿಲೋಮೀಟರ್ ಆಚೆ ಇಳಿಯಿತು. ಪ್ರತಿನಿಧಿಗಳು ಕಂಡದ್ದನ್ನು ಬರೆದು ಪ್ಯಾರಿಸ್ಸಿಗೆ ಕಳಿಸಿದರು.

ಪ್ಯಾರಿಸ್ಸಿನಲ್ಲಿ ಆ ಸುದ್ದಿಯನ್ನು ಓದಿದವರಿಗೆ ಬಲೂನು ಏರಿದ್ದು ತಿಳಿಯಿತು, ಏರಿಸಿದ್ದು ಏನೆಂದು ತಿಳಿಯಲಿಲ್ಲ. ಸಾಮಾನ್ಯ ಗಾಳಿಗಿಂತ ಅರ್ಧ ತೂಕದ ಒಂದು ಅನಿಲ ಎಂಬ ಮಾತು ಹರಡಿತ್ತು. ಭೌತವಿಜ್ಞಾನದ ಪ್ರಯೋಗಗಳನ್ನು ಸಭೆಗಳಲ್ಲಿ ತೋರಿಸಿ ಹೆಸರಾಗಿದ್ದ ಜಾಕ್ ಚಾರ್ಲ್ಸ್, ಅಷ್ಟು ಹಗುರವಾದ ಗಾಳಿ ಬೇಕೆಂದರೆ ಕ್ಯಾವೆಂಡಿಷನ ಅನಿಲವೇ ಗತಿ ಎಂದುಕೊಂಡ. ಹಾರಿಸಿದವರು ಹೊಗೆಯನ್ನು ನಂಬಿದ್ದರು. ಕೇಳಿದವನು ಜಲಜನಕವೆಂದು ನಂಬಿದ. ಎರಡೂ ತಪ್ಪು ತಿಳಿವಳಿಕೆ. ಆ ಎರಡರಿಂದ ಬಲೂನಿಗೆ ಎರಡು ಬೇರೆ ಬೇರೆ ವಂಶಗಳು ಹುಟ್ಟಿದವು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ತಪ್ಪುಗಳನ್ನು ನಾನು ಹೆಚ್ಚು ಕಂಡಿಲ್ಲ.

ಫೋಜಾ ದ ಸಾಂ-ಫೋಂ ಎಂಬ ಭೂವಿಜ್ಞಾನಿ ಜನರಿಂದ ಚಂದಾ ಎತ್ತಿದ. ರೊಬೇರ್ ಎಂಬ ಅಣ್ಣತಮ್ಮಂದಿರಿಗೆ ರಬ್ಬರನ್ನು ಟರ್ಪೆಂಟೈನಿನಲ್ಲಿ ಕರಗಿಸಿ ರೇಷ್ಮೆಗೆ ಬಳಿಯುವ ವಿದ್ಯೆ ಗೊತ್ತಿತ್ತು. ಕಾಗದದಲ್ಲಿ ಸೋರಿಹೋದ ಅನಿಲ ಈ ರೇಷ್ಮೆಯಲ್ಲಿ ನಿಂತಿತು. ಗೋಳದ ಅಡ್ಡಳತೆ ಸುಮಾರು 4 ಮೀಟರ್ ಮಾತ್ರ. ಅದನ್ನು ತುಂಬಲು ಅರ್ಧ ಟನ್ ಕಬ್ಬಿಣದ ಚೂರಿನ ಮೇಲೆ ಕಾಲು ಟನ್ ಗಂಧಕಾಮ್ಲ ಸುರಿಯಬೇಕಾಯಿತು. ಪೀಪಾಯಿಗಳು ಕಾದು ಕುದಿದು, ಕೆಲಸ ನಾಲ್ಕು ದಿನ ಹಿಡಿಯಿತು. ನೋಡುವವರ ನೂಕುನುಗ್ಗಲು ತಾಳಲಾಗದೆ, ಅರ್ಧರಾತ್ರಿ ಪಂಜುಗಳ ಬೆಳಕಿನಲ್ಲಿ, ಕಾವಲಿನವರ ನಡುವೆ ಅದನ್ನು ಶಾಂ ದ ಮಾರ್ಸ್ ಮೈದಾನಕ್ಕೆ ಸಾಗಿಸಿದರು. ದಾರಿಯಲ್ಲಿ ಎದುರಾದ ಗಾಡಿಯವರು ಇಳಿದು ಟೋಪಿ ತೆಗೆದು ನಿಂತರಂತೆ, ದೇವರ ಉತ್ಸವಕ್ಕೆ ದಾರಿ ಬಿಟ್ಟಂತೆ.

ಆಗಸ್ಟ್ 27ರ ಸಂಜೆ ಐದಕ್ಕೆ ಫಿರಂಗಿ ಹಾರಿತು, ಗೋಳ ಚಿಮ್ಮಿತು. ಎರಡೇ ನಿಮಿಷದಲ್ಲಿ ಮೋಡದೊಳಗೆ ಮರೆಯಾಯಿತು. ಜಡಿಮಳೆ ಬಿದ್ದರೂ ಜನ ಕದಲಲಿಲ್ಲ. ಆ ಗುಂಪಿನಲ್ಲಿ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದ. ಇದರಿಂದ ಏನು ಪ್ರಯೋಜನ ಎಂದು ಕೇಳಿದವರಿಗೆ, ಈಗ ತಾನೆ ಹುಟ್ಟಿದ ಕೂಸಿನಿಂದ ಏನು ಪ್ರಯೋಜನ ಎಂದು ಅವನು ತಿರುಗಿ ಕೇಳಿದನೆಂಬ ಮಾತು ಉಳಿದುಬಂದಿದೆ.

ಮುಕ್ಕಾಲು ಗಂಟೆಯ ಬಳಿಕ ಗೋಳ 20 ಕಿಲೋಮೀಟರಿಗೂ ಆಚೆಯ ಗೊನೆಸ್ ಎಂಬ ಹಳ್ಳಿಯಲ್ಲಿ ಬಿತ್ತು. ಹೊಲದಲ್ಲಿ ದುಡಿಯುತ್ತಿದ್ದವರ ನಡುವೆ ಬಾನಿನಿಂದ ಒಂದು ಭಾರಿ ಜೀವಿ ಇಳಿದಿದೆ. ನೆಲದ ಮೇಲೆ ಕುಪ್ಪಳಿಸುತ್ತಿದೆ, ಉಸಿರು ಬಿಟ್ಟಂತೆ ಬುಸುಗುಡುತ್ತಿದೆ, ಕೆಟ್ಟ ವಾಸನೆ ಬೀರುತ್ತಿದೆ. ಅವರು ಕವೆಗೋಲು ಹಿಡಿದು ಅದರ ಮೇಲೆ ಬಿದ್ದರು, ತಿವಿದು ಹರಿದರು, ಕೊನೆಗೆ ಕುದುರೆಯ ಬಾಲಕ್ಕೆ ಕಟ್ಟಿ ಎಳೆದಾಡಿಸಿದರು. ಪ್ಯಾರಿಸ್ಸಿನ ಚಿತ್ರಗಾರರು ಈ ಪ್ರಸಂಗವನ್ನು ಬರೆದು ಮಾರಿ ಹಳ್ಳಿಗರನ್ನು ನಗೆಪಾಟಲು ಮಾಡಿದರು. ಅದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಕಂಡರಿಯದ್ದು ಊರಿನೊಳಗೆ ಬಂದಾಗ ಅದನ್ನು ಎದುರಿಸಿದರು. ಆ ಬಳಿಕವಷ್ಟೇ ಸರ್ಕಾರ ಎಚ್ಚೆತ್ತು, ಇಂಥ ಗೋಳಗಳನ್ನು ಕಂಡು ಯಾರೂ ಹೆದರಬೇಡಿ, ಇದು ರೇಷ್ಮೆಯಿಂದಲೋ ಬಟ್ಟೆಯಿಂದಲೋ ಮಾಡಿದ ಯಂತ್ರ, ಮುಂದೆ ಸಮಾಜಕ್ಕೆ ಉಪಯೋಗಕ್ಕೆ ಬಂದೀತು ಎಂದು ಪ್ರಕಟಣೆ ಹೊರಡಿಸಿತು. ಮೊದಲೇ ಹೇಳಿದ್ದರೆ ಗೋಳವೂ ಉಳಿಯುತ್ತಿತ್ತು, ಹಳ್ಳಿಯ ಮಾನವೂ ಉಳಿಯುತ್ತಿತ್ತು.

ಅಷ್ಟರಲ್ಲಿ ಎಟಿಯೆನ್ ಪ್ಯಾರಿಸ್ಸಿಗೆ ಬಂದಿದ್ದ. ಅವನಿಗೆ ಆಸರೆ ಕೊಟ್ಟವನು ಗೆಳೆಯ ಜಾಂ-ಬಾಪ್ತಿಸ್ತ್ ರೆವೆಯೋನ್. ಸಿರಿವಂತರ ಗೋಡೆಗೆ ಅಂಟಿಸುವ ಚಿತ್ತಾರದ ಕಾಗದ ತಯಾರಿಸುವ ದೊಡ್ಡ ಕಾರ್ಖಾನೆಯ ಯಜಮಾನ. ಅವನ ಅಂಗಳದಲ್ಲಿ ಕಟ್ಟಿದ ಮೊದಲ ಬಲೂನನ್ನು ಸೆಪ್ಟೆಂಬರ್ 12ರ ಗಾಳಿಮಳೆ ಚಿಂದಿ ಮಾಡಿತು. ದೊರೆಯ ಮುಂದೆ ಹಾರಿಸಲು ಉಳಿದದ್ದು ಒಂದೇ ವಾರ. ಹಗಲೂ ಇರುಳೂ ದುಡಿದು ಇನ್ನೊಂದನ್ನು ಕಟ್ಟಿದರು. ಗೋಡೆಕಾಗದದ ಕಲಾವಿದರು ನೀಲಿಯ ಮೇಲೆ ಹೊನ್ನಿನ ಬಣ್ಣದಲ್ಲಿ ಅದನ್ನು ಸಿಂಗರಿಸಿದರು.

ಸೆಪ್ಟೆಂಬರ್ 19ರಂದು ವರ್ಸಾಯ್ ಅರಮನೆಯ ಅಂಗಳದಲ್ಲಿ ಹದಿನಾರನೆಯ ಲೂಯಿ, ರಾಣಿ ಮರಿ ಆಂತ್ವಾನೆತ್, ಆಸ್ಥಾನದವರು, ಲೆಕ್ಕವಿಲ್ಲದ ಜನ. ಮೇಲೆ ಹೋದರೆ ಜೀವ ಉಳಿಯುತ್ತದೆಯೇ ಎಂಬುದು ಅಂದಿನ ಪ್ರಶ್ನೆ. ಅದಕ್ಕಾಗಿ ಮೂರು ಪ್ರಾಣಿಗಳನ್ನು ಆರಿಸಿದರು. ಮನುಷ್ಯನಂತೆ ನೆಲದ ಜೀವಿಯಾದ ಕುರಿ. ಎತ್ತರದ ಗಾಳಿಗೆ ಒಗ್ಗಿದ ಬಾತುಕೋಳಿ. ರೆಕ್ಕೆಯಿದ್ದೂ ಮೇಲೆ ಹಾರದ ಹುಂಜ. ಬಾತಿಗೆ ತೊಂದರೆಯಾದರೆ ತಪ್ಪು ಯಂತ್ರದ್ದು, ಕುರಿಗೆ ಮಾತ್ರವಾದರೆ ಎತ್ತರದ್ದು. ಆಯ್ಕೆಯಲ್ಲಿ ಒಳ್ಳೆಯ ವಿವೇಕವಿತ್ತು. ಬೆಂಕಿಗೆ ಹುಲ್ಲು, ಉಣ್ಣೆಗಳ ಜೊತೆ ಹಳೆಯ ಜೋಡುಗಳನ್ನೂ ಕೊಳೆತ ಮಾಂಸವನ್ನೂ ಹಾಕಿದರು. ಹೊಗೆ ದಟ್ಟವಾದಷ್ಟೂ ಬಲೂನು ಚೆನ್ನಾಗಿ ಏರುತ್ತದೆ ಎಂಬುದು ಎಟಿಯೆನ್‌ನ ನಂಬಿಕೆ. ನೋಡಲು ಹತ್ತಿರ ಬಂದ ರಾಜದಂಪತಿ ದುರ್ನಾತ ತಾಳದೆ ಹಿಂದೆ ಸರಿದರು. ಎಂಟು ನಿಮಿಷ ಹಾರಿದ ಬಲೂನು ಮೂರು ಕಿಲೋಮೀಟರ್ ದೂರದ ಕಾಡಿನಲ್ಲಿ ಇಳಿಯಿತು. ಕುರಿ ಮೇಯುತ್ತಿತ್ತು. ಹುಂಜದ ರೆಕ್ಕೆಗೆ ಆದ ಗಾಯ ಎತ್ತರದಿಂದಲ್ಲ, ಕುರಿಯ ಒದೆತದಿಂದ ಎಂದು ತೀರ್ಮಾನವಾಯಿತು.

ಮುಂದಿನ ಸರದಿ ಮನುಷ್ಯನದು. ಮರಣದಂಡನೆಯಾದ ಇಬ್ಬರು ಕೈದಿಗಳನ್ನು ಕಳಿಸೋಣ, ಬದುಕಿಬಂದರೆ ಕ್ಷಮೆ ಎಂದು ದೊರೆ ಸೂಚಿಸಿದ. ಮೆಟ್ಸ್ ಊರಿನ ಪಿಲಾತ್ರ್ ದ ರೋಜಿಯೇ ಎಂಬ 29 ವರ್ಷದ ವಿಜ್ಞಾನದ ಮೇಷ್ಟರಿಗೆ ಇದು ಸಹಿಸಲಿಲ್ಲ. ಭೂಮಿಯನ್ನು ಬಿಟ್ಟ ಮೊದಲ ಮನುಷ್ಯನೆಂಬ ಕೀರ್ತಿ ಕೊಲೆಗಡುಕನ ಪಾಲಾಗಬೇಕೆ? ಸೇನೆಯ ಅಧಿಕಾರಿ ಮಾರ್ಕ್ವಿಸ್ ದಾರ್ಲಾಂದ್ ಅವನ ಪರವಾಗಿ ಅರಮನೆಯಲ್ಲಿ ಬೇಡಿಕೊಂಡ. ಜೊತೆಗೆ ತಾನೂ ಬರುತ್ತೇನೆಂದ. ಅಕ್ಟೋಬರ್ 15ರಿಂದ ರೆವೆಯೋನನ ಅಂಗಳದಲ್ಲಿ ಬಲೂನಿಗೆ ಹಗ್ಗ ಕಟ್ಟಿಕೊಂಡು ಪಿಲಾತ್ರ್ ಮತ್ತೆ ಮತ್ತೆ ಏರಿಳಿದ. ಬೆಂಕಿ ಹೆಚ್ಚಿಸಿದರೆ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ ಎಂಬುದನ್ನು ಕೈಗೆ ಪಳಗಿಸಿಕೊಂಡ.

1783ರ ನವೆಂಬರ್ 21. ಪ್ಯಾರಿಸ್ಸಿನ ಪಡುವಣ ಅಂಚಿನ ಲಾ ಮ್ಯುಯೆತ್ ಅರಮನೆಯ ತೋಟ. ಬಲೂನಿನ ಎತ್ತರ ಸುಮಾರು 70 ಅಡಿ, ಅಗಲ ಸುಮಾರು 46 ಅಡಿ. ಬಾಯಿಯ ಸುತ್ತ ಒಂದು ಜಗಲಿ, ನಡುವೆ ನೇತುಹಾಕಿದ ಕಬ್ಬಿಣದ ಅಗ್ಗಿಷ್ಟಿಕೆ. ತೂಕ ಸಮವಾಗಲೆಂದು ಇಬ್ಬರೂ ಎದುರುಬದುರು ನಿಂತರು. ನಡುವಿನ ಬಟ್ಟೆಯ ಕೊರಳಿನಿಂದಾಗಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಕೆಲವು ನಿಮಿಷ ಇರುವಾಗ ಅವರು ನೆಲ ಬಿಟ್ಟರು. ಸುಮಾರು 900 ಮೀಟರ್ ಏರಿದರು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಇರುವಷ್ಟು ಎತ್ತರ.

ದಾರ್ಲಾಂದ್ ಬರೆದಿಟ್ಟ ವಿವರ ಉಳಿದಿದೆ. ಕೆಳಗೆ ಸೇನ್ ನದಿ ಹೊಳೆಯುತ್ತಿತ್ತು. ಊರೇ ಬೀದಿಗೆ ಬಂದಿತ್ತು, ಆದರೂ ಕೆಳಗಿನ ಮೌನ ಅವನನ್ನು ಬೆರಗುಗೊಳಿಸಿತು. ಅವನು ನದಿಯ ತಿರುವುಗಳನ್ನು ನೋಡುತ್ತ ಮೈಮರೆತ; ಹೀಗೆ ಹೊಳೆ ನೋಡುತ್ತಿದ್ದರೆ ಹೊಳೆಯಲ್ಲೇ ಮುಳುಗಬೇಕಾದೀತು, ಬೆಂಕಿಗೆ ಹುಲ್ಲು ಹಾಕು ಎಂಬರ್ಥದಲ್ಲಿ ಆಚೆ ಬದಿಯಿಂದ ಪಿಲಾತ್ರ್ ಗದರಿದ. ತಲೆ ಎತ್ತಿದಾಗ ಬಟ್ಟೆಯಲ್ಲಿ ದುಂಡನೆಯ ತೂತುಗಳು. ಕಿಡಿ ತಗುಲಿ ಬಲೂನು ಸುಡುತ್ತಿತ್ತು. ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒಂದೊಂದೇ ತೂತಿನ ಅಂಚನ್ನು ಒತ್ತಿ ನಂದಿಸಿದರು. ಕೆಲವು ಹಗ್ಗಗಳು ಆಗಲೇ ಹರಿದಿದ್ದವು. ಕಾಗದ ಅಂಟಿಸಿದ ಬಟ್ಟೆಯ ಮನೆಯೊಳಗೆ ಒಲೆ ಹೊತ್ತಿಸಿಕೊಂಡು ಬಾನಿನಲ್ಲಿ ಸಂಚರಿಸಿದ ಆ ಇಬ್ಬರ ಧೈರ್ಯವನ್ನು ಯಾವ ಯುದ್ಧವೀರನ ಧೈರ್ಯಕ್ಕೂ ನಾನು ಕಡಿಮೆಯೆಂದು ಎಣಿಸಲಾರೆ. 25 ನಿಮಿಷ, ಸುಮಾರು 9 ಕಿಲೋಮೀಟರ್. ಪ್ಯಾರಿಸ್ಸಿನ ತೆಂಕಣ ಅಂಚಿನ ಬ್ಯೂತ್-ಓ-ಕಾಯ್ ದಿಬ್ಬದ ಮೇಲೆ, ಗಾಳಿಗಿರಣಿಗಳ ಬಳಿ ಮೆಲ್ಲನೆ ಇಳಿದರು. ಆ ಸಂಜೆ ಬರೆದ ಪ್ರಮಾಣಪತ್ರಕ್ಕೆ ಸಹಿ ಹಾಕಿದವರಲ್ಲಿ ಫ್ರಾಂಕ್ಲಿನ್ ಕೂಡ ಒಬ್ಬ.

ಹತ್ತೇ ದಿನ ಕಳೆದು, ಡಿಸೆಂಬರ್ 1ರಂದು, ಚಾರ್ಲ್ಸ್ ತುಯ್ಲರಿ ತೋಟದಿಂದ ಹೊರಟ. ಕೂಡಿದ್ದ ಜನ ನಾಲ್ಕು ಲಕ್ಷವೆಂದು ಅಂದಿನವರು ಬರೆದಿದ್ದಾರೆ. ಅಂದು ಚಾರ್ಲ್ಸ್ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳದೆ ಹೋಗಲಾರೆ. ಗಾಳಿಯ ದಿಕ್ಕು ನೋಡಲು ಮೊದಲು ಒಂದು ಪುಟ್ಟ ಹಸಿರು ಬಲೂನು ಬಿಡಬೇಕಿತ್ತು. ಅದನ್ನು ಎಟಿಯೆನ್ ಮಾಂಟ್‌ಗೋಲ್ಫಿಯರನ ಕೈಗೆ ಕೊಟ್ಟು ಬಿಡಿಸಿದ. ಬಾನಿನ ದಾರಿಯನ್ನು ಮೊದಲು ತೆರೆದವರು ನೀವೇ ಎಂದು ಇಡೀ ಪ್ಯಾರಿಸ್ಸಿನ ಮುಂದೆ ಒಪ್ಪಿಕೊಂಡಂತಾಯಿತು.

ಚಾರ್ಲ್ಸನ ಬಲೂನಿನ ಅಡ್ಡಳತೆ 27 ಅಡಿಯಷ್ಟೆ. ಬಿಸಿಗಾಳಿಯ ಬಲೂನಿನ ಮುಂದೆ ಅದು ಮರಿ. ಕಾರಣ ಸರಳ. ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಅದೇ ಗಾತ್ರದ ಜಲಜನಕ 100 ಗ್ರಾಮಿಗೂ ಕಡಿಮೆ. ಹಾಗಾಗಿ ಅದು ಒಂದು ಕಿಲೋಗ್ರಾಮಿಗಿಂತ ಹೆಚ್ಚು ಭಾರ ಎತ್ತುತ್ತದೆ. ಗಾಳಿಯನ್ನು 100 ಡಿಗ್ರಿಗೆ ಕಾಯಿಸಿದರೂ ತೂಕ ಇಳಿಯುವುದು ಕಾಲು ಕಿಲೋಗ್ರಾಮಿನಷ್ಟು ಮಾತ್ರ. ಇಂದಿಗೂ ಅನಿಲದ ಬಲೂನಿನಲ್ಲಿ ಇರುವುದನ್ನೆಲ್ಲ ಚಾರ್ಲ್ಸ್ ಆ ಒಂದೇ ಬಲೂನಿನಲ್ಲಿ ತಂದಿದ್ದ: ಭಾರವನ್ನು ಸಮನಾಗಿ ಹಂಚುವ ಬಲೆ, ಅದಕ್ಕೆ ತೂಗಿದ ತೊಟ್ಟಿಲು, ಇಳಿಯಲು ಅನಿಲ ಬಿಡುವ ಕವಾಟ, ಏರಲು ಚೆಲ್ಲುವ ಮರಳಿನ ಚೀಲ, ಎತ್ತರ ಅಳೆಯಲು ವಾಯುಭಾರಮಾಪಕ.

ರೊಬೇರ್ ಸೋದರರಲ್ಲಿ ಒಬ್ಬನೊಡನೆ ಎರಡು ಗಂಟೆಗೂ ಮೀರಿ ಹಾರಿ ಚಾರ್ಲ್ಸ್ 36 ಕಿಲೋಮೀಟರ್ ದೂರದ ನೇಲ್ ಎಂಬ ಹಳ್ಳಿಯ ಹೊಲದಲ್ಲಿ ಇಳಿದ. ಹೊತ್ತು ಮುಳುಗುತ್ತಿತ್ತು. ಇನ್ನೊಮ್ಮೆ ಏರುತ್ತೇನೆ ಎಂದು ಅವನು ಒಬ್ಬನೇ ಹೊರಟ. ಜೊತೆಗಾರನ ಭಾರ ಇಳಿದದ್ದರಿಂದ ಬಲೂನು ಬಾಣದಂತೆ ನೆಗೆದು ಸುಮಾರು 3000 ಮೀಟರ್ ಎತ್ತರ ಮುಟ್ಟಿತು. ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟು. ಕೆಳಗೆ ಮುಳುಗಿದ್ದ ಸೂರ್ಯ ಅವನ ಪಾಲಿಗೆ ಮತ್ತೆ ಮೂಡಿದ, ಮತ್ತೆ ಮುಳುಗಿದ. ಒಂದೇ ದಿನದಲ್ಲಿ ಎರಡು ಸೂರ್ಯಾಸ್ತ ಕಂಡ ಮೊದಲ ಮನುಷ್ಯ ಅವನು. ಕೊರೆವ ಚಳಿ, ಕಿವಿಯಲ್ಲಿ ಸಹಿಸಲಾಗದ ನೋವು. ಕವಾಟದ ಹಗ್ಗ ಎಳೆದು ಇಳಿದ. ಬದುಕಿರುವತನಕ ಮತ್ತೆಂದೂ ಹಾರಲಿಲ್ಲ.

ಹೊಗೆಯ ವಿಷಯ ಏನಾಯಿತು? 1784ರ ಜನವರಿಯಲ್ಲಿ ಲಿಯೋನ್ ನಗರಕ್ಕೆ ಬಂದ ಜಿನೀವಾದ ವಿಜ್ಞಾನಿ ಸೋಸ್ಯೂರ್ ಅದನ್ನು ಬಗೆಹರಿಸಿದ. ಹೊಗೆಯಿಲ್ಲದೆ, ಕೆಂಪಗೆ ಕಾಸಿದ ಕಬ್ಬಿಣವನ್ನಷ್ಟೇ ಪುಟ್ಟ ಬಲೂನಿನ ಬಾಯಿಗೆ ಹಿಡಿದರೂ ಅದು ಏರುತ್ತದೆ. ಏರಿಸುವುದು ಕಾವು, ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ಹಗುರಾಗುತ್ತದೆ. ಜೋಡು, ಮಾಂಸ ಸುಟ್ಟದ್ದು ಬರಿಯ ದಂಡ. ಅನಿಲ ಕಾದಾಗ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕವನ್ನು ಕೆಲವೇ ವರ್ಷಗಳಲ್ಲಿ ಹಿಡಿದವನು, ತನ್ನ ಬಲೂನಿನಲ್ಲಿ ಕಾವನ್ನೇ ಬಳಸದ ಚಾರ್ಲ್ಸ್. ಅವನು ಅದನ್ನು ಪ್ರಕಟಿಸಲಿಲ್ಲ. 1802ರಲ್ಲಿ ಫ್ರೆಂಚ್ ವಿಜ್ಞಾನಿ ಗೇ-ಲ್ಯುಸಾಕ್ ತನ್ನ ಫಲಿತಾಂಶ ಪ್ರಕಟಿಸುವಾಗ ಚಾರ್ಲ್ಸನ ಹೆಸರು ಹೇಳಿದ. ನಮ್ಮ ಪಿಯುಸಿ ಮಕ್ಕಳು ಚಾರ್ಲ್ಸ್ ನಿಯಮವೆಂದು ಬರೆದು ಅಂಕ ಪಡೆಯುವುದು ಇದನ್ನೇ. ಪಾಠ ಮಾಡುವ ಮೇಷ್ಟರುಗಳು ಆ ಸಂಜೆಯ ಎರಡು ಸೂರ್ಯಾಸ್ತಗಳನ್ನೂ ಮಕ್ಕಳಿಗೆ ಹೇಳಲಿ ಎಂದು ನನ್ನ ಆಸೆ.

ಬಳಿಕ ಬಲೂನು ದೇಶದಿಂದ ದೇಶಕ್ಕೆ ಹಾರಿತು. 1784ರ ಜೂನ್ 4ರಂದು ಲಿಯೋನಿನಲ್ಲಿ ಎಲಿಸಬೆತ್ ತಿಬ್ಲ್ ಎಂಬಾಕೆ ಏರಿ, ಹಗ್ಗದ ಹಂಗಿಲ್ಲದೆ ಹಾರಿದ ಮೊದಲ ಮಹಿಳೆಯಾದಳು. 1785ರ ಜನವರಿ 7ರಂದು ಫ್ರಾನ್ಸಿನ ಬಲೂನುಗಾರ ಬ್ಲಾಂಶಾರ್ ಮತ್ತು ಅಮೆರಿಕದ ವೈದ್ಯ ಜೆಫ್ರೀಸ್ ಡೋವರ್‌ನಿಂದ ಹೊರಟು, ಭಾರ ಇಳಿಸಲು ಕೊನೆಗೆ ಉಟ್ಟ ಬಟ್ಟೆಗಳನ್ನೂ ಕಡಲಿಗೆಸೆದು, ಇಂಗ್ಲಿಷ್ ಕಾಲುವೆ ದಾಟಿದರು. ಅದನ್ನು ಎದುರು ದಿಕ್ಕಿನಿಂದ ದಾಟಲು ಹಟ ತೊಟ್ಟವನು ಪಿಲಾತ್ರ್. ಅವನು ಎರಡು ವಂಶಗಳನ್ನೂ ಕೂಡಿಸಿದ: ಮೇಲೆ ಜಲಜನಕದ ಗೋಳ, ಅದರಡಿ ಬಿಸಿಗಾಳಿಯ ಉರುಳೆ. ಎತ್ತಲು ಅನಿಲ, ಏರಿಳಿಸಲು ಕಾವು. 1785ರ ಜೂನ್ 15ರಂದು ಬೂಲೋನಿನಿಂದ ಹೊರಟ ಸ್ವಲ್ಪ ಹೊತ್ತಿಗೇ ಬಲೂನು ಕುಸಿದು, ಅವನೂ ಜೊತೆಗಾರ ಪಿಯೆರ್ ರೊಮೇನೂ ವಿಮರ್ಯೂ ಎಂಬ ಊರಿನ ಬಳಿ ನೆಲಕ್ಕಪ್ಪಳಿಸಿ ಸತ್ತರು. ಮೊದಲು ಹಾರಿದವನೇ ಹಾರಾಟದಲ್ಲಿ ಮೊದಲು ಮಡಿದವನೂ ಆದ. ಅವನಿಗೆ 31 ವರ್ಷ.

ಉಳಿದವರ ಮೇಲೆ ಕ್ರಾಂತಿಯ ಬಿರುಗಾಳಿ ಬೀಸಿತು. 1788ರ ಆಗಸ್ಟಿನಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ನೆರವು ಬೇಡಿ ವರ್ಸಾಯ್ ಅರಮನೆಗೆ ಬಂದಾಗ ಲೂಯಿಯ ಬೊಕ್ಕಸ ಬರಿದಾಗಿತ್ತು. 1789ರ ಏಪ್ರಿಲ್ 28ರಂದು, ಬಾಸ್ತಿಯ್ ಕೋಟೆ ಬೀಳುವುದಕ್ಕೆ ಎರಡೂವರೆ ತಿಂಗಳ ಮೊದಲು, ಕೂಲಿ ಇಳಿಸುತ್ತಾನೆಂಬ ಮಾತಿಗೆ ಕೆರಳಿದ ಜನ ರೆವೆಯೋನನ ಮನೆಯನ್ನೂ ಕಾರ್ಖಾನೆಯನ್ನೂ ಹಾಳುಗೆಡವಿದರು. ಪಿಲಾತ್ರ್ ಹಗ್ಗ ಕಟ್ಟಿ ಹಾರಲು ಕಲಿತ ಅಂಗಳ ಅದೇ. ಜೋಸೆಫ್ ಬದುಕಿನಲ್ಲಿ ಹಾರಿದ್ದು ಒಂದೇ ಸಲ, 1784ರ ಜನವರಿ 19ರಂದು ಲಿಯೋನಿನಲ್ಲಿ, ಇನ್ನೂ ಆರು ಜನರೊಡನೆ. ಆ ಬಲೂನಿಗೆ ಅಲ್ಲಿನ ಅಧಿಕಾರಿ ಫ್ಲೆಸೆಲ್‌ನ ಹೆಸರಿಟ್ಟಿದ್ದರು. ಬಾಸ್ತಿಯ್ ಬಿದ್ದ ದಿನ ಪ್ಯಾರಿಸ್ಸಿನ ಗುಂಪು ಕೊಂದವರಲ್ಲಿ ಆ ಫ್ಲೆಸೆಲ್ ಒಬ್ಬ. ಬಲೂನನ್ನು ಪರಿಶೀಲಿಸಿದ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸಮಿತಿಯಲ್ಲಿದ್ದ ಮಹಾ ರಸಾಯನಶಾಸ್ತ್ರಜ್ಞ ಲಾವೋಸಿಯೇ, ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರಾವಿ ಹಾಯಿಸಿ ಜಲಜನಕ ಪಡೆಯುವ ದಾರಿ ತೋರಿದ್ದ. 1794ರ ಮೇ 8ರಂದು ಕ್ರಾಂತಿಯ ಸರ್ಕಾರ ಅವನ ತಲೆ ಕಡಿಸಿತು. ಏಳು ವಾರಗಳಾದ ಮೇಲೆ, ಜೂನ್ 26ರಂದು, ಫ್ಲ್ಯೂರುಸ್ ಕದನದಲ್ಲಿ ಅದೇ ಸರ್ಕಾರದ ಸೇನೆ ಅವನ ವಿಧಾನದಿಂದಲೇ ತುಂಬಿದ ಬಲೂನನ್ನೇರಿ ಶತ್ರುಗಳ ಚಲನವಲನ ಕಂಡು ಗೆದ್ದಿತು.

ಎಟಿಯೆನ್ 1799ರಲ್ಲಿ, ಜೋಸೆಫ್ 1810ರಲ್ಲಿ ತೀರಿಕೊಂಡರು. ಹೊಳೆಯ ನೀರಿನ ಬಲದಿಂದಲೇ ನೀರನ್ನು ಎತ್ತರಕ್ಕೆ ತಳ್ಳುವ ಯಂತ್ರವೊಂದನ್ನು ಜೋಸೆಫ್ 1796ರಲ್ಲಿ ಕಟ್ಟಿದ್ದ. ವಿದ್ಯುತ್ತಿಲ್ಲದ ಗುಡ್ಡದೂರುಗಳಲ್ಲಿ ಅದರ ಪೀಳಿಗೆ ಈಗಲೂ ಕೆಲಸ ಮಾಡುತ್ತದೆ.

ಬಿಸಿಗಾಳಿಯ ಬಲೂನನ್ನು ಫ್ರೆಂಚರು ಇಂದಿಗೂ ಮಾಂಟ್‌ಗೋಲ್ಫಿಯೇರ್ ಎನ್ನುತ್ತಾರೆ, ಅನಿಲದ ಬಲೂನಿಗೆ ಚಾರ್ಲ್ಸನ ಹೆಸರಿದೆ. ಪಿಲಾತ್ರ್‌ನ ಜೀವ ತೆಗೆದ ಆ ಮೂರನೆಯ ಬಗೆಯೂ ಅಳಿಯಲಿಲ್ಲ. ಹೊತ್ತಿಕೊಳ್ಳುವ ಜಲಜನಕದ ಬದಲು ಹೊತ್ತಿಕೊಳ್ಳದ ಹೀಲಿಯಂ ತುಂಬಿ, ಅವನ ಯೋಜನೆಯಂತೆಯೇ ಕಾವನ್ನೂ ಜೊತೆಗೂಡಿಸಿ, 1999ರ ಮಾರ್ಚಿನಲ್ಲಿ ಬರ್ಟ್ರಾಂಡ್ ಪಿಕಾರ್ ಮತ್ತು ಬ್ರಯಾನ್ ಜೋನ್ಸ್ ಸ್ವಿಟ್ಜರ್ಲೆಂಡಿನಿಂದ ಹೊರಟು, ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿ, ಸುಮಾರು 20 ದಿನಗಳ ನಂತರ ಈಜಿಪ್ಟಿನ ಮರಳುಗಾಡಿನಲ್ಲಿ ಇಳಿದರು. ಬಲೂನಿನಲ್ಲಿ ಭೂಮಿಯನ್ನು ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಆ ಬಗೆಯ ಬಲೂನಿನ ಹೆಸರು ರೋಜಿಯೇರ್.